ಕತ್ತರಿ ಯಾರ ಕೈಯಲ್ಲಿದೆ?

‘ಸಾರ್ವಜನಿಕ ಹಿತ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕನ್ನಡಿಗ ತನ್ನ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೆರೆ ಮುಚ್ಚಿ ಬಸ್ ನಿಲ್ದಾಣ ಕಟ್ಟಿದ್ದು ಸಾರ್ವಜನಿಕ ಹಿತಕ್ಕೆ. ಸಾಲುಮರ ಕಡಿದು ರಸ್ತೆ ಅಗಲ ಮಾಡಿದ್ದು ಸಾರ್ವಜನಿಕ ಹಿತಕ್ಕೆ. ಇದೇ ಮಾತನ್ನು ಹಿಡಿದುಕೊಂಡು ಈ ನಾಡಿನಲ್ಲಿ ಕಾದಂಬರಿಯನ್ನು ಮುಟ್ಟುಗೋಲು ಹಾಕಿದ್ದಾರೆ, ನಾಟಕವನ್ನು ಪಠ್ಯದಿಂದ ಕಿತ್ತು ಹಾಕಿದ್ದಾರೆ, ಸಿನಿಮಾವನ್ನು ಡಬ್ಬದಲ್ಲೇ ಕೊಳೆಹಾಕಲು ನೋಡಿದ್ದಾರೆ. ಹಿತ ಯಾರದು, ಸಾರ್ವಜನಿಕರೆಂದರೆ ಯಾರು ಎಂದು ಕೇಳುವ ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಆದ್ದರಿಂದ ಪ್ರಶ್ನೆಯನ್ನು ನೇರವಾಗಿಯೇ ಕೇಳೋಣ. ಜನರ ಒಳಿತಿಗಾಗಿ ಕಲೆಗೆ ಕತ್ತರಿ ಹಾಕುವ ಅಧಿಕಾರ ಸರ್ಕಾರಕ್ಕೆ ಇರಬೇಕೆ? ಸಂಘಟನೆಗಳಿಗೆ ಇರಬೇಕೆ? ನಮ್ಮ ಉತ್ತರವನ್ನೂ ನೇರವಾಗಿ ಹೇಳುತ್ತೇವೆ. ಮಕ್ಕಳು ನೋಡಬಾರದ ಚಿತ್ರಕ್ಕೆ ಮಕ್ಕಳನ್ನು ಬಿಡಬೇಡಿ. ಕಲೆಯ ಹೆಸರಿನಲ್ಲಿ ಅಪರಾಧ ನಡೆದಿದ್ದರೆ ಕೋರ್ಟಿಗೆ ಎಳೆಯಿರಿ. ಆದರೆ ನಿಷೇಧ? ಬೇಡ. ಕನ್ನಡದ ಹೆಸರಿನಲ್ಲಂತೂ ಬೇಡವೇ ಬೇಡ.

ಈ ಕೊನೆಯ ಮಾತು ನಮ್ಮ ಕೆಲವು ಗೆಳೆಯರಿಗೆ ಕಹಿಯಾಗುತ್ತದೆ ಎಂದು ಗೊತ್ತು. ಆದರೂ ಹೇಳಲೇಬೇಕಾಗಿದೆ. ಯಾಕೆಂದರೆ ಕನ್ನಡದ ಪುಸ್ತಕಗಳ ಮೇಲೆ, ಕನ್ನಡದ ಚಿತ್ರಗಳ ಮೇಲೆ ಆಡಿದ ಕತ್ತರಿಯ ಕಥೆಯನ್ನು ಒಂದು ಸಲ ಸಾಲಾಗಿ ಇಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರುವುದು ಸಾಧ್ಯವೇ ಇಲ್ಲ.

ಮೊದಲು ‘ಸಂಸ್ಕಾರ’ದ ಕಥೆ. ೧೯೬೫ರಲ್ಲಿ ಯು.ಆರ್. ಅನಂತಮೂರ್ತಿಯವರ ಕಾದಂಬರಿ ಬಂತು. ೧೯೭೦ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದರು. ಚಿತ್ರಕಥೆ ಗಿರೀಶ್ ಕಾರ್ನಾಡರದು, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಒಂದು ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಇಡೀ ಅಗ್ರಹಾರದ ಬಂಡವಾಳವನ್ನು ಬಯಲು ಮಾಡುವ ಕಥೆ. ಕನ್ನಡ ಚಿತ್ರದ ಹಣೆಬರಹ ಆಗ ಮದ್ರಾಸಿನ ಸೆನ್ಸಾರ್ ಮಂಡಳಿಯ ಕೈಯಲ್ಲಿತ್ತು. ಮಂಡಳಿ ಚಿತ್ರವನ್ನು ತಡೆಯಿತು. ಜಾತಿಯ ಬಗ್ಗೆ ಇಷ್ಟು ಖಾರವಾಗಿ ಮಾತಾಡಿದರೆ ಜನ ರೊಚ್ಚಿಗೆದ್ದಾರು ಎಂಬ ಭಯ. ಕೊನೆಗೆ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಪ್ಪಿದ ಮೇಲೆ ಚಿತ್ರ ಹೊರಗೆ ಬಂತು.

ಜನ ರೊಚ್ಚಿಗೆದ್ದರೇ? ನಾಡು ಹೊತ್ತಿ ಉರಿಯಿತೇ? ಇಲ್ಲ. ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣ ಪದಕ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಅದರ ಹಿಂದೆಯೇ ‘ವಂಶವೃಕ್ಷ’ ಬಂತು, ‘ಕಾಡು’ ಬಂತು, ‘ಚೋಮನ ದುಡಿ’ ಬಂತು. ಕನ್ನಡ ಸಿನಿಮಾ ಎಂದರೆ ಏನು ಎಂದು ದೇಶ ತಿರುಗಿ ನೋಡಿತು. ಮದ್ರಾಸಿನ ಆ ಮಂಡಳಿಯ ಮಾತೇ ಕೊನೆಯ ಮಾತಾಗಿದ್ದರೆ ಆ ಬಾಗಿಲು ಆವತ್ತೇ ಮುಚ್ಚಿಹೋಗುತ್ತಿತ್ತು. ಮುಚ್ಚಿದವರು ಅದನ್ನೂ ಸಾರ್ವಜನಿಕ ಹಿತ ಎಂದೇ ಕರೆಯುತ್ತಿದ್ದರು.

ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರ ಗತಿ ಏನಾಯಿತು ಎಂಬುದನ್ನೂ ಇವತ್ತಿನ ಹುಡುಗ ಹುಡುಗಿಯರು ತಿಳಿದಿರಬೇಕು. ತುರ್ತುಪರಿಸ್ಥಿತಿಯಲ್ಲಿ, ೧೯೭೬ರಲ್ಲಿ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಆಸ್ತಮಾದಿಂದ ನರಳುತ್ತಿದ್ದ ಆ ಕಲಾವಿದೆಯನ್ನು ಹೊರಗೆ ಬಿಟ್ಟಿದ್ದು ೧೯೭೭ರ ಜನವರಿಯಲ್ಲಿ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತುರ್ತುಪರಿಸ್ಥಿತಿಯನ್ನು ಹೇರಿದ್ದೂ ದೇಶದ ಹಿತದ ಹೆಸರಿನಲ್ಲಿಯೇ. ಚಿತ್ರವನ್ನು ಕತ್ತರಿಸುವ ಅಧಿಕಾರ ಮತ್ತು ಮನುಷ್ಯರನ್ನು ಕತ್ತಲೆಗೆ ದೂಡುವ ಅಧಿಕಾರ ಬೇರೆ ಬೇರೆ ಊರಿನಿಂದ ಬರುವುದಿಲ್ಲ.

‘ಸಂಸ್ಕಾರ’ಕ್ಕೆ ಮೊದಲು ನಿಷೇಧ, ಆಮೇಲೆ ಪದಕ. ಡಾ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಆದದ್ದು ಇದರ ಉಲ್ಟಾ. ಮೊದಲು ಪ್ರಶಸ್ತಿ, ಆಮೇಲೆ ನಿಷೇಧ. ಬಸವಣ್ಣನವರ ಕಾಲದ ಕಥೆ ಹೇಳುವ ಆ ಕಾದಂಬರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯೇ ಬಹುಮಾನ ಕೊಟ್ಟಿತ್ತು. ಬಸವಣ್ಣನವರ ಸೋದರಿಯ ಚಿತ್ರಣ ಭಕ್ತರ ಮನಸ್ಸು ನೋಯಿಸುತ್ತದೆ ಎಂಬ ಗಲಾಟೆ ಎದ್ದಿತು. ೧೯೯೭ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಸಾಹಿತಿ ಬರಗೂರು ರಾಮಚಂದ್ರಪ್ಪ ಮತ್ತಿತರರು ಕೋರ್ಟಿನ ಮೆಟ್ಟಿಲು ಹತ್ತಿದರು. ಹೈಕೋರ್ಟಿನಲ್ಲಿ ಸೋತರು. ೨೦೦೭ರಲ್ಲಿ ಸುಪ್ರೀಂ ಕೋರ್ಟೂ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಬೀಗ! ಕನ್ನಡ ಲೇಖಕನಿಗೆ ಕನ್ನಡ ಸರ್ಕಾರ ಮಾಡಿದ ಸನ್ಮಾನ ಇದು.

ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕವೂ ಕಲ್ಯಾಣದ ಶರಣರ ಬಗ್ಗೆಯೇ ಬರೆದದ್ದು. ರಂಗದ ಮೇಲೆ ಜನ ಅದನ್ನು ನೋಡಿದ್ದರು, ಮೆಚ್ಚಿದ್ದರು. ವಿಶ್ವವಿದ್ಯಾಲಯದ ಪಠ್ಯವಾದಾಗ ಮಾತ್ರ ಕೆಲವರಿಗೆ ಅದು ಚುಚ್ಚಿತು. ತೊಂಬತ್ತರ ದಶಕದ ನಡುವಿನಲ್ಲಿ ಬೀದಿಯಲ್ಲಿ ಕೂಗಾಟವಾಯಿತು, ನಾಟಕ ಪಠ್ಯದಿಂದ ಹೊರಗೆ ಹೋಯಿತು. ಕೂಗಿದವರಲ್ಲಿ ಎಷ್ಟು ಮಂದಿ ನಾಟಕ ಓದಿದ್ದರೋ ಆ ಶರಣರೇ ಬಲ್ಲರು.

ಅದಕ್ಕೂ ಮೊದಲು, ೧೯೮೯ರಲ್ಲಿ, ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ದ ಮೇಲೆ ಇದೇ ರೀತಿ ಮುಗಿಬಿದ್ದಿದ್ದರು. ಅದು ಕಲೆಯಲ್ಲ, ಸಂಶೋಧನೆ. ಆದರೆ ಕತ್ತರಿ ಹಿಡಿದವನಿಗೆ ಆ ವ್ಯತ್ಯಾಸವೆಲ್ಲ ಎಲ್ಲಿ ಗೊತ್ತಾಗಬೇಕು? ಒತ್ತಡ ತಾಳಲಾರದೆ ಆ ವಿದ್ವಾಂಸರು ತಾವು ಬರೆದದ್ದನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ೧೯೮೯ರ ಗುಂಪಿಗೂ ೨೦೧೫ರ ಗುಂಡಿಗೂ ಸಂಬಂಧವಿದೆ ಎಂದು ನಾವು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟೇ: ಬರೆದವನನ್ನು ಬೆದರಿಸಿ ಬಾಯಿ ಮುಚ್ಚಿಸಬಹುದು ಎಂದು ಸಮಾಜ ಒಮ್ಮೆ ಒಪ್ಪಿಕೊಂಡರೆ ಆ ಒಪ್ಪಿಗೆಯನ್ನು ನಾಳೆ ಯಾರು ಎತ್ತಿಕೊಂಡು ಹೋಗುತ್ತಾರೆ ಎಂಬುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಇದೆಲ್ಲ ಯಾವುದೋ ಒಂದು ಜಾತಿಯ, ಒಂದು ಪಕ್ಷದ ಚಾಳಿ ಎಂದುಕೊಂಡರೆ ತಪ್ಪಾಗುತ್ತದೆ. ೨೦೧೩ರಲ್ಲಿ ಗಣಪತಿಯ ಬಗ್ಗೆ ‘ಢುಂಢಿ’ ಕಾದಂಬರಿ ಬರೆದ ಯೋಗೇಶ್ ಮಾಸ್ಟರ್ ಅವರನ್ನು ಪೊಲೀಸರು ಬಂಧಿಸಿದರು. ೨೦೨೪ರ ಜೂನ್‌ನಲ್ಲಿ ರಾಜ್ಯ ಸರ್ಕಾರ ‘ಹಮಾರೆ ಬಾರಾ’ ಎಂಬ ಹಿಂದಿ ಚಿತ್ರದ ಪ್ರದರ್ಶನವನ್ನು ತಡೆಯಿತು. ಈ ಸಲ ಮುಸ್ಲಿಂ ಸಂಘಟನೆಗಳ ದೂರು. ಖುರ್ಚಿಯಲ್ಲಿ ಕೂತವರು ಬದಲಾಗುತ್ತಾರೆ, ನೊಂದವರು ಬದಲಾಗುತ್ತಾರೆ, ಕತ್ತರಿ ಮಾತ್ರ ಅದೇ.

ಈಗ ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೇ ಒಂದು ಪ್ರಶ್ನೆ ಕೇಳಿ. ಈ ನಾಡಿನಲ್ಲಿ ಕಲೆಯಿಂದ ನೋವಾದದ್ದು ಇವರಿಗೆ ಮಾತ್ರವೇ? ಉತ್ತರ ಕರ್ನಾಟಕದ ಗಂಡುಭಾಷೆಯನ್ನು ನಮ್ಮ ಸಿನಿಮಾದವರು ಎಷ್ಟು ವರ್ಷ ನಗೆಪಾಟಲು ಮಾಡಲಿಲ್ಲ? ಕುಂಟರು, ತೊದಲರು, ದಪ್ಪ ಹೆಂಗಸರು, ಮಂಗಳಮುಖಿಯರು ನಮ್ಮ ಕಾಮಿಡಿ ಟ್ರ್ಯಾಕಿಗೆ ಬಿಟ್ಟಿ ಸರಕಾದರು. ಮನೆಗೆಲಸದ ಹೆಂಗಸನ್ನು ಹೀರೋ ಚುಡಾಯಿಸಿದರೆ ಥಿಯೇಟರಿನಲ್ಲಿ ಶಿಳ್ಳೆ. ಇವರಿಗೆಲ್ಲ ಮನಸ್ಸು ಇರಲಿಲ್ಲವೇ? ಇತ್ತು, ನೋವೂ ಆಯಿತು. ಆದರೆ ಅವರ ಹಿಂದೆ ಲಾರಿ ತುಂಬ ಜನ ಇರಲಿಲ್ಲ, ಓಟಿನ ಗಂಟು ಇರಲಿಲ್ಲ. ಆದ್ದರಿಂದ ಯಾವ ಸರ್ಕಾರಕ್ಕೂ ಅವರ ನೋವು ಕೇಳಿಸಲಿಲ್ಲ.

ಗೆಳೆಯರೇ, ಗುಟ್ಟು ಇರುವುದೇ ಇಲ್ಲಿ. ಸರ್ಕಾರ ನಿಷೇಧ ಮಾಡುವಾಗ ನೋವನ್ನು ಅಳೆಯುವುದಿಲ್ಲ, ಗುಂಪನ್ನು ಅಳೆಯುತ್ತದೆ. ಸಾರ್ವಜನಿಕ ಹಿತ ಎಂಬ ಹೆಸರಿನಲ್ಲಿ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಪುಸ್ತಕ ಇರುತ್ತದೆ, ಇನ್ನೊಂದು ತಟ್ಟೆಯಲ್ಲಿ ಕಲ್ಲು ಇರುತ್ತದೆ.

ಈ ಪಾಠವನ್ನು ಕಲಿಸಿಕೊಟ್ಟವನು ಬ್ರಿಟಿಷ್ ದೊರೆ. ನೀಲಿ ಬೆಳೆಯ ತೋಟದ ಬಿಳಿಯರ ಕ್ರೌರ್ಯವನ್ನು ತೋರಿಸಿದ ‘ನೀಲದರ್ಪಣ’ದಂಥ ಬಂಗಾಳಿ ನಾಟಕಗಳು ಅವನ ಕಣ್ಣು ಕೆಂಪಾಗಿಸಿದವು. ೧೮೭೬ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದ. ಅವನು ಹೋದ. ಕಾಯ್ದೆಯನ್ನು ಕೇಂದ್ರ ಸರ್ಕಾರ ತನ್ನ ಪುಸ್ತಕದಿಂದ ತೆಗೆದುಹಾಕಿದ್ದು ೨೦೧೮ರ ಆರಂಭದಲ್ಲಿ! ಎಪ್ಪತ್ತು ವರ್ಷ ಅದನ್ನು ಜೋಪಾನ ಮಾಡಿ ಇಟ್ಟುಕೊಂಡವರು ನಾವೇ. ಪುಸ್ತಕ ಮುಟ್ಟುಗೋಲು ಹಾಕುವ ಅಧಿಕಾರವಂತೂ ಈಗಲೂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ೯೫ನೇ ಕಲಮಿನಲ್ಲಿ ಇದ್ದದ್ದು ೨೦೨೪ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ೯೮ನೇ ಕಲಮಿಗೆ ವಲಸೆ ಬಂದಿದೆ. ಹೆಸರು ಸಂಸ್ಕೃತಮಯವಾಯಿತು, ಬೀಗ ಹಳೆಯದೇ.

ಆದರೆ ಈ ಬೀಗಕ್ಕೆ ಎದೆಕೊಟ್ಟವರಲ್ಲೂ ಕನ್ನಡಿಗರು ಮುಂದೆ ಇದ್ದಾರೆ ಎಂಬುದು ನಮಗೆ ಹೆಮ್ಮೆ. ಸೆನ್ಸಾರ್ ಮಂಡಳಿ, ಅದರ ಮೇಲಿನ ಟ್ರಿಬ್ಯುನಲ್ ಒಪ್ಪಿದ ಚಿತ್ರವನ್ನೂ ಕೇಂದ್ರ ಸರ್ಕಾರ ಮತ್ತೆ ತಡೆಯಬಹುದು ಎಂಬ ಅಧಿಕಾರ ಸಿನಿಮಾ ಕಾಯ್ದೆಯಲ್ಲಿತ್ತು. ಕನ್ನಡದ ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ ಇದರ ವಿರುದ್ಧ ಹೋರಾಡಿದರು. ೧೯೯೦ರಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಕಾರವನ್ನು ಹೊಡೆದುಹಾಕಿತು. ೨೦೦೦ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಗಲಾಟೆಯಾದೀತು ಎಂಬ ನೆಪಕ್ಕೆ ಚಿತ್ರ ತಡೆಯುವಂತಿಲ್ಲ, ಶಾಂತಿ ಕಾಯುವುದು ಸರ್ಕಾರದ ಕೆಲಸ ಎಂದಿತು. ಅದಕ್ಕೂ ಮೊದಲು ೧೯೮೯ರಲ್ಲಿ ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಮೊಕದ್ದಮೆಯಲ್ಲೂ ಅದೇ ಕೋರ್ಟು ಇದೇ ಅರ್ಥದ ಮಾತು ಹೇಳಿತ್ತು. ೨೦೨೩ರ ತಿದ್ದುಪಡಿಯಲ್ಲಿ ಕೇಂದ್ರದ ಆ ಹಳೆಯ ಅಧಿಕಾರ ಕಾಯ್ದೆಯ ಪುಸ್ತಕದಿಂದಲೂ ಅಳಿಸಿಹೋಯಿತು. ದೆಹಲಿಯ ಕೈಯಿಂದ ಒಂದು ಕತ್ತರಿಯನ್ನು ಕಿತ್ತುಕೊಂಡವನು ಒಬ್ಬ ಕನ್ನಡಿಗ! ಈ ಹೆಸರನ್ನು ಎಷ್ಟು ಮಂದಿ ಕನ್ನಡ ಯುವಕರು ಕೇಳಿದ್ದೀರಿ?

ಇಷ್ಟು ಹೇಳಿದರೆ ಕೆಲವರು ಕೇಳುತ್ತಾರೆ: ಹಾಗಾದರೆ ಏನು ಬೇಕಾದರೂ ಬರೆಯಬಹುದೇ, ಏನು ಬೇಕಾದರೂ ತೋರಿಸಬಹುದೇ? ಜನ ಸತ್ತರೂ ಪರವಾಗಿಲ್ಲವೇ? ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ೧೯೮೬ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆ ಮಲಯಾಳಂನಿಂದ ಅನುವಾದವಾದ ಒಂದು ಸಣ್ಣಕಥೆ ಪ್ರಕಟಿಸಿತು. ಅದರ ಹೆಸರು ಪ್ರವಾದಿಯವರಿಗೆ ಮಾಡಿದ ಅವಮಾನ ಎಂದು ಮುಸ್ಲಿಮರು ಸಿಟ್ಟಾದರು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯಾಯಿತು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಒಂದು ಕಥೆಗಿಂತ ಒಂದು ಜೀವ ದೊಡ್ಡದು. ಇದನ್ನು ಅಲ್ಲಗಳೆಯುವ ಕಲಾವಿದ ನಮಗೂ ಬೇಡ.

ಆದರೆ ಆ ಜೀವಗಳನ್ನು ಉಳಿಸಬಹುದಾಗಿದ್ದ ಕೆಲಸ ಯಾವುದು? ಪತ್ರಿಕೆಯ ಮೇಜಿನ ಮೇಲೆ ಕೂತ ಸಂಪಾದಕನ ವಿವೇಕ. ಇದು ಬೇಕೇ, ಈಗ ಬೇಕೇ ಎಂದು ಅವನು ತನ್ನನ್ನೇ ಕೇಳಿಕೊಳ್ಳಬಹುದಿತ್ತು. ಅದು ಅವನ ಹಕ್ಕು, ಅದು ಸೆನ್ಸಾರ್ ಅಲ್ಲ. ಎರಡನೆಯದು, ಬೀದಿಗೆ ಇಳಿದ ಮೊದಲ ಗಂಟೆಯಲ್ಲೇ ಗುಂಪನ್ನು ತಡೆಯುವ ಪೊಲೀಸರು. ಮೂರನೆಯದು, ಇದು ತಪ್ಪು, ಆದರೆ ಕಲ್ಲು ಎತ್ತಬೇಡಿ ಎಂದು ಹೇಳುವ ಮುಖಂಡರು. ಈ ಮೂರೂ ಸರಿಯಾಗಿದ್ದರೆ ಸೆನ್ಸಾರ್ ಮಂಡಳಿ ಬೇಕಿಲ್ಲ. ಈ ಮೂರೂ ಇಲ್ಲದಿದ್ದರೆ ಸೆನ್ಸಾರ್ ಮಂಡಳಿಯಿಂದ ಉಪಯೋಗವಿಲ್ಲ. ಕಥೆ ಇಲ್ಲದೆಯೂ ಬೆಂಗಳೂರಿನಲ್ಲಿ ಗಲಭೆಗಳಾಗಿವೆ ಎಂಬುದು ನಮಗೆಲ್ಲ ಗೊತ್ತು.

ಇನ್ನು ಮಚ್ಚು ಲಾಂಗಿನ ಚಿತ್ರಗಳ ಮಾತು. ೧೯೯೫ರ ‘ಓಂ’ ಬಂದಾಗಿನಿಂದ, ಆಮೇಲೆ ೨೦೦೫ರ ‘ಜೋಗಿ’ ಬಂದಾಗ, ಇಂಥ ಚಿತ್ರಗಳಿಂದ ಹುಡುಗರು ಕೆಡುತ್ತಿದ್ದಾರೆ, ನಿಲ್ಲಿಸಿ ಎಂಬ ಕೂಗು ಇದ್ದೇ ಇದೆ. ಬೀದಿಬದಿಯ ಹುಡುಗ ರೌಡಿಯಾಗುವುದಕ್ಕೆ ಸಿನಿಮಾ ಕಾರಣವೋ, ಓದು ಬಿಡಿಸಿದ ಬಡತನ, ಕೆಲಸವಿಲ್ಲದ ಸಂಜೆ, ಅವನನ್ನು ಚುನಾವಣೆಗೆ ಬಳಸಿಕೊಳ್ಳುವ ಪುಢಾರಿ ಕಾರಣವೋ ಎಂದು ನಿಷೇಧ ಕೇಳುವವರು ಯೋಚಿಸುವುದಿಲ್ಲ. ಸಿನಿಮಾಕ್ಕೆ ಬೀಗ ಹಾಕಿದರೆ ಖರ್ಚಿಲ್ಲ, ಕೊಳೆಗೇರಿಗೆ ಸ್ಕೂಲು ಕಟ್ಟಬೇಕಾದರೆ ಖರ್ಚಿದೆ. ಸರ್ಕಾರಕ್ಕೆ ಅಗ್ಗದ ದಾರಿ ಯಾವತ್ತೂ ಇಷ್ಟ.

ಹಾಗೆಂದು ಹತ್ತು ವರ್ಷದ ಮಗುವನ್ನು ರಕ್ತ ಚೆಲ್ಲುವ ಚಿತ್ರಕ್ಕೆ ಕೂರಿಸಿ ಎಂದು ನಾವು ಹೇಳುತ್ತಿಲ್ಲ. ೨೦೨೩ರ ತಿದ್ದುಪಡಿ ಏಳು, ಹದಿಮೂರು, ಹದಿನಾರು ಎಂದು ವಯಸ್ಸಿನ ಮೆಟ್ಟಿಲು ಮಾಡಿದೆ. ಅದು ಸರಿಯಾದ ದಾರಿ. ವಿಂಗಡಿಸುವುದು ಬೇರೆ, ಕತ್ತರಿಸುವುದು ಬೇರೆ. ಅಪ್ಪ ಅಮ್ಮನಿಗೆ ಎಚ್ಚರಿಕೆ ಹೇಳಿ, ಟಿಕೆಟ್ ಕೊಡುವವನಿಗೆ ಜವಾಬ್ದಾರಿ ಕೊಡಿ. ಆದರೆ ಇಪ್ಪತ್ತೊಂದು ವರ್ಷದ, ಓಟು ಹಾಕುವ, ತೆರಿಗೆ ಕಟ್ಟುವ ಕನ್ನಡಿಗ ಏನು ನೋಡಬೇಕು ಎಂದು ಹೇಳಲು ನೀವು ಯಾರು ಸ್ವಾಮಿ?

ಗೆರೆ ಎಲ್ಲಿ ಎಳೆಯಬೇಕು ಎಂಬುದೂ ಕಷ್ಟದ ಮಾತಲ್ಲ. ಮಕ್ಕಳನ್ನು ಹಿಂಸಿಸಿ ತೆಗೆದ ಚಿತ್ರ ಕಲೆಯೇ ಅಲ್ಲ, ಅದು ಅಪರಾಧದ ಸಾಕ್ಷಿ. ಇಂಥ ಬೀದಿಗೆ ಹೋಗಿ ಇಂಥವರನ್ನು ಹೊಡೆಯಿರಿ ಎಂದು ವೇದಿಕೆಯಿಂದ ಕರೆಕೊಟ್ಟರೆ ಅದು ಪದ್ಯದಲ್ಲಿದ್ದರೂ ಅಪರಾಧವೇ. ಇದಕ್ಕೆಲ್ಲ ಕಾನೂನು ಇದೆ. ದೂರು ಕೊಡಿ, ಕೋರ್ಟಿನಲ್ಲಿ ರುಜುವಾತು ಮಾಡಿ, ಶಿಕ್ಷೆ ಕೊಡಿಸಿ. ಅಲ್ಲಿ ಬರೆದವನಿಗೂ ಉತ್ತರ ಹೇಳಲು ಅವಕಾಶವಿದೆ. ನಿಷೇಧದಲ್ಲಿ ಆದೇಶ ಮೊದಲು ಬರುತ್ತದೆ, ಬರೆದವನ ಮಾತು ಕೇಳುವುದು ಆಮೇಲೆ. ಕೇಳುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ. ‘ಧರ್ಮಕಾರಣ’ಕ್ಕೆ ಆದದ್ದು ಅದೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಮಠದವರ, ಪಕ್ಷದವರ, ಸರ್ಕಾರದವರ ಕತ್ತರಿಯನ್ನು ಇಷ್ಟು ಹೊತ್ತು ಬೈದೆವು. ಕನ್ನಡ ಚಳವಳಿಯ ಕೈಯಲ್ಲಿ ಕತ್ತರಿ ಇಲ್ಲವೇ?

ಇದೆ. ೨೦೧೮ರಲ್ಲಿ ರಜನಿಕಾಂತ್ ಕಾವೇರಿಯ ಬಗ್ಗೆ ಆಡಿದ ಮಾತಿಗೆ ‘ಕಾಲಾ’ ಚಿತ್ರವನ್ನು ತಡೆಯಲು ಹೊರಟೆವು. ಹೈಕೋರ್ಟ್ ಥಿಯೇಟರುಗಳಿಗೆ ರಕ್ಷಣೆ ಕೊಡಿ ಎಂದಿತು. ೨೦೨೫ರ ಮೇ ತಿಂಗಳಲ್ಲಿ ಚೆನ್ನೈನ ಸಮಾರಂಭವೊಂದರಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದರು. ಕ್ಷಮೆ ಕೇಳಲಿಲ್ಲ. ‘ಥಗ್ ಲೈಫ್’ ಚಿತ್ರವನ್ನು ಬಿಡುಗಡೆ ಮಾಡಬಾರದು ಎಂದಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಗುಂಪುಗಳ ಬೆದರಿಕೆಗೆ ಬೀದಿಯನ್ನು ಒಪ್ಪಿಸಲಾಗದು ಎಂಬರ್ಥದಲ್ಲಿ ಕೋರ್ಟ್ ಛೀಮಾರಿ ಹಾಕಿತು. ಚಿತ್ರ ಇಲ್ಲಿ ಥಿಯೇಟರಿಗೆ ಬರಲೇ ಇಲ್ಲ.

ಕಮಲ್ ಹಾಸನ್ ಹೇಳಿದ್ದು ತಪ್ಪು. ನೂರಕ್ಕೆ ನೂರು ತಪ್ಪು. ಕನ್ನಡ ಮತ್ತು ತಮಿಳು ಒಂದೇ ಮೂಲದಿಂದ ಕವಲೊಡೆದ ಸೋದರ ಭಾಷೆಗಳು. ಒಂದು ಇನ್ನೊಂದರ ಮಗಳಲ್ಲ. ಭಾಷಾವಿಜ್ಞಾನ ಓದಿದ ತಮಿಳು ವಿದ್ವಾಂಸರಿಗೂ ಇದು ಗೊತ್ತು. ಸಿಟ್ಟು ಬಂದದ್ದು ಸರಿ, ಬರದಿದ್ದರೆ ನಾವು ಕನ್ನಡಿಗರೇ ಅಲ್ಲ. ಆದರೆ ಆ ಸಿಟ್ಟಿನಿಂದ ನಾವು ಗಳಿಸಿದ್ದೇನು? ಇಡೀ ದೇಶದ ಕಣ್ಣು ಕನ್ನಡದ ಮೇಲಿದ್ದ ಆ ಎರಡು ವಾರಗಳಲ್ಲಿ ಹಲ್ಮಿಡಿ ಶಾಸನದ ಬಗ್ಗೆ, ಕವಿರಾಜಮಾರ್ಗದ ಬಗ್ಗೆ, ದ್ರಾವಿಡ ಭಾಷೆಗಳ ವಂಶವೃಕ್ಷದ ಬಗ್ಗೆ ಹೇಳಬಹುದಿತ್ತು. ಅದರ ಬದಲು ದೇಶ ಕೇಳಿಸಿಕೊಂಡದ್ದು ‘ಕನ್ನಡದವರು ಸಿನಿಮಾ ನಿಲ್ಲಿಸಿದರಂತೆ’ ಎಂಬುದನ್ನು. ತಪ್ಪು ಮಾತಾಡಿದವನು ಕೋರ್ಟಿನ ಕಣ್ಣಲ್ಲಿ ನೊಂದವನಾದ. ನೊಂದ ನಾವು ಕಟಕಟೆಯಲ್ಲಿ ನಿಂತೆವು. ಇದಕ್ಕಿಂತ ದೊಡ್ಡ ಸೋಲು ಬೇಕೇ? ಅಷ್ಟಕ್ಕೂ ಆ ಚಿತ್ರ ಬಿಡುಗಡೆಯಾದ ಕಡೆಯೂ ನೆಲಕಚ್ಚಿತು. ಜನರೇ ಹೊಡೆದುರುಳಿಸಲಿದ್ದ ಗೋಡೆಗೆ ನಾವು ತಲೆ ಚಚ್ಚಿಕೊಂಡೆವು.

ಇನ್ನೊಂದು ಮಾತು, ಇದು ಮನಸ್ಸಿಗೆ ಇಳಿಯಬೇಕು. ೨೦೧೯ರ ಡಿಸೆಂಬರ್ ಕೊನೆಯಲ್ಲಿ ಕೊಲ್ಲಾಪುರದಲ್ಲಿ ‘ಅವನೇ ಶ್ರೀಮನ್ನಾರಾಯಣ’ ಚಿತ್ರದ ಪ್ರದರ್ಶನವನ್ನು ಶಿವಸೇನೆಯವರು ನಿಲ್ಲಿಸಿದರು. ಗಡಿ ಜಗಳಕ್ಕೂ ಆ ಚಿತ್ರಕ್ಕೂ ಏನು ಸಂಬಂಧ? ಏನೂ ಇಲ್ಲ. ಅದು ಕನ್ನಡದ ಚಿತ್ರ, ಅಷ್ಟೇ ಅದರ ತಪ್ಪು. ಆವತ್ತು ನಮಗೆ ಉರಿಯಿತು. ಕಲೆಗೆ ಗಡಿ ಇಲ್ಲ, ಇದು ಗೂಂಡಾಗಿರಿ ಎಂದೆವು. ಸರಿಯಾಗಿಯೇ ಹೇಳಿದೆವು. ಬೆಂಗಳೂರಿನಲ್ಲಿ ನಾವು ಮಾಡಿದರೆ ಸ್ವಾಭಿಮಾನ, ಕೊಲ್ಲಾಪುರದಲ್ಲಿ ಅವರು ಮಾಡಿದರೆ ಗೂಂಡಾಗಿರಿ ಎಂದರೆ ಯಾರು ಒಪ್ಪುತ್ತಾರೆ?

ಗುಂಪಿನ ಬಲವೇ ನ್ಯಾಯ ಎಂದಾದರೆ ಗುಂಪು ಕಡಿಮೆ ಇರುವ ಕಡೆ ಕನ್ನಡಿಗ ಏನು ಮಾಡಬೇಕು? ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ, ಅಕ್ಕಲಕೋಟೆಯಲ್ಲಿ ಕನ್ನಡ ನಾಟಕ ಆಡುವವರು ಯಾರ ಬಲದ ಮೇಲೆ ಆಡಬೇಕು? ‘ಕೆ.ಜಿ.ಎಫ್.’, ‘ಕಾಂತಾರ’ ಚಿತ್ರಗಳನ್ನು ಚೆನ್ನೈ, ಹೈದರಾಬಾದ್, ಮುಂಬೈಯವರು ಟಿಕೆಟ್ ಕೊಟ್ಟು ನೋಡಿದ್ದಾರೆ. ನಾಳೆ ನಮ್ಮ ಯಾವನೋ ನಟ ಏನೋ ಅಂದನೆಂದು ಅಲ್ಲಿನವರು ಬಾಗಿಲು ಮುಚ್ಚಿದರೆ ಯಾವ ಬಾಯಲ್ಲಿ ನ್ಯಾಯ ಕೇಳುತ್ತೀರಿ? ಊರಿನಲ್ಲಿ ಬಲಶಾಲಿ, ಹೊರಗೆ ಅನಾಥ. ನಿಷೇಧದ ರಾಜಕೀಯ ಕನ್ನಡಿಗನಿಗೆ ಕೊಡುವುದು ಇದನ್ನೇ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಕನ್ನಡವನ್ನು ಹೀಯಾಳಿಸಿದವನ ಚಿತ್ರಕ್ಕೆ ಹೋಗಬೇಡಿ. ನಿಮ್ಮ ಗೆಳೆಯರಿಗೂ ಹೋಗಬೇಡಿ ಎಂದು ಹೇಳಿ. ಥಿಯೇಟರಿನ ಮುಂದೆ ಭಿತ್ತಿಪತ್ರ ಹಿಡಿದು ನಿಲ್ಲಿ, ಕರಪತ್ರ ಹಂಚಿ, ಘೋಷಣೆ ಕೂಗಿ. ಬಹಿಷ್ಕಾರ ನಿಮ್ಮ ಹಕ್ಕು. ಆದರೆ ಪೋಸ್ಟರ್ ಹರಿಯುವಾಗ, ಗಾಜು ಒಡೆಯುವಾಗ, ಟಿಕೆಟ್ ಕೊಂಡವನ ಕಾಲರ್ ಹಿಡಿಯುವಾಗ ನೀವು ಬಹಿಷ್ಕಾರ ಮಾಡುತ್ತಿಲ್ಲ. ಇನ್ನೊಬ್ಬ ಕನ್ನಡಿಗನ ತೀರ್ಮಾನವನ್ನು ಕಸಿಯುತ್ತಿದ್ದೀರಿ. ನಾನು ನೋಡುವುದಿಲ್ಲ ಎಂಬುದು ಸ್ವಾಭಿಮಾನ. ನೀನು ನೋಡ ಕೂಡದು ಎಂಬುದು ದಬ್ಬಾಳಿಕೆ.

ತಪ್ಪು ಪುಸ್ತಕಕ್ಕೆ ಉತ್ತರ ಸರಿಯಾದ ಪುಸ್ತಕ. ಇದು ಬಾಯಿಮಾತಲ್ಲ, ಕನ್ನಡದಲ್ಲೇ ಉದಾಹರಣೆ ಇದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನೇ ಬದಲಿಸಿ ‘ಲಿಂಗದೇವ’ ಎಂದು ಹಾಕಿದರು. ೧೯೯೮ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, ೨೦೧೭ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಅಂಕಿತ ಬದಲಿಸಿದ್ದು ತಪ್ಪೇ. ಆದರೆ ಬಸವಣ್ಣನ ಅಂಕಿತವನ್ನು ಕಾಪಾಡಿದ್ದು ಆ ಆದೇಶವಲ್ಲ. ೧೯೯೩ರಲ್ಲಿಯೇ ಹದಿನೈದು ಸಂಪುಟಗಳಲ್ಲಿ ‘ಸಮಗ್ರ ವಚನ ಸಾಹಿತ್ಯ’ ಬಂದಿತ್ತು. ಅದರ ಪ್ರಧಾನ ಸಂಪಾದಕರು ಯಾರು ಗೊತ್ತೇ? ಬರೆದದ್ದನ್ನು ಹಿಂದಕ್ಕೆ ತೆಗೆದುಕೋ ಎಂದು ಯಾರನ್ನು ಬೆದರಿಸಿದ್ದರೋ ಅದೇ ಕಲಬುರ್ಗಿಯವರು! ಆ ಸಂಪುಟಗಳು ಕೈಯಲ್ಲಿರುವ ತನಕ ಯಾವ ದೀಪ್ತಿಯೂ ಬಸವಣ್ಣನ ಮಾತನ್ನು ಅಳಿಸಲಾರದು. ಕಾವಲು ಕಾಯುವುದು ಪಂಡಿತನ ದುಡಿಮೆ, ಪೊಲೀಸನ ಲಾಠಿಯಲ್ಲ.

ಕನ್ನಡದ ಯುವಕ ಯುವತಿಯರೇ, ನಮ್ಮ ಭಾಷೆಗೆ ಇವತ್ತು ಬಂದಿರುವ ಕುತ್ತು ಯಾವುದೋ ನಟನ ಬಾಯಿಂದ ಬಂದದ್ದಲ್ಲ. ಕನ್ನಡ ಪುಸ್ತಕ ಕೊಳ್ಳುವವರಿಲ್ಲ, ಕನ್ನಡ ನಾಟಕಕ್ಕೆ ಬಾಡಿಗೆ ಕಟ್ಟಲಾಗುವ ರಂಗಮಂದಿರ ಸಾಕಷ್ಟಿಲ್ಲ, ಸಣ್ಣ ಕನ್ನಡ ಚಿತ್ರಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದು ಬೆಳಗಿನ ಒಂದು ಆಟ. ಇದೂ ಒಂದು ಸೆನ್ಸಾರ್ ಅಲ್ಲವೇ? ಯಾವ ಆದೇಶವೂ ಇಲ್ಲದೆ, ಯಾವ ಗಲಾಟೆಯೂ ಇಲ್ಲದೆ, ಪ್ರತಿ ಶುಕ್ರವಾರ ನಡೆಯುವ ಸೆನ್ಸಾರ್. ಅದರ ವಿರುದ್ಧ ಒಂದು ಸಲವಾದರೂ ಬೀದಿಗೆ ಇಳಿದಿದ್ದೇವೆಯೇ?

ಪರರ ವಿಚಾರವನ್ನು ಸಹಿಸಬಲ್ಲ ಗುಣವನ್ನು ಸಂಪತ್ತು ಎಂದು ಎಣಿಸಿದ ಗ್ರಂಥ ಕವಿರಾಜಮಾರ್ಗ. ಸಾವಿರದ ನೂರು ವರ್ಷಕ್ಕೂ ಹಿಂದೆ ಕನ್ನಡದಲ್ಲಿ ಬರೆದದ್ದು ಅದು. ಅಂಥ ಭಾಷೆಯ ಮಕ್ಕಳು ಬೇರೆಯವರ ಕತ್ತರಿಯನ್ನು ಸಾಲ ಪಡೆಯಬೇಕಿಲ್ಲ. ಮುಂದಿನ ಸಲ ಯಾರಾದರೂ ಒಂದು ಪುಸ್ತಕ ಸುಡಲು, ಒಂದು ಚಿತ್ರ ನಿಲ್ಲಿಸಲು ನಿಮ್ಮನ್ನು ಕರೆದರೆ ಎರಡು ಪ್ರಶ್ನೆ ಕೇಳಿ. ಅದನ್ನು ನೀವು ಓದಿದ್ದೀರಾ, ನೋಡಿದ್ದೀರಾ? ಇದರಿಂದ ಲಾಭ ಯಾರಿಗೆ? ಎರಡಕ್ಕೂ ನೇರ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ. ಬರುವ ದಾರಿಯಲ್ಲಿ ಒಂದು ಕನ್ನಡ ಪುಸ್ತಕ ಕೊಳ್ಳಿ. ನಿಮಗೆ ಸಿಟ್ಟು ಬರಿಸುವ ಪುಸ್ತಕವೇ ಆದರೆ ಇನ್ನೂ ಒಳ್ಳೆಯದು. ಓದಿ, ಜಗಳಕ್ಕೆ ಬನ್ನಿ, ಉತ್ತರ ಬರೆಯಿರಿ. ಬರೆದದ್ದನ್ನು ಅಚ್ಚು ಹಾಕಲು ಈ ಪತ್ರಿಕೆ ಇದೆ. ನಮ್ಮನ್ನು ಬೈದು ಬರೆದರೂ ಹಾಕುತ್ತೇವೆ.

ಸಿರಿಗನ್ನಡಂ ಗೆಲ್ಗೆ.